ವಿಮಾನಕ್ಕೆ ಎರಡು ಸುತ್ತು

ಇರೋಷಾಗೆ ಎಚ್ಚರವಾದದ್ದು ಬೆಳಗಿನ ಐದೂವರೆಗೆ. ಹಿಂದಿನ ರಾತ್ರಿ ಒಂಬತ್ತಕ್ಕೇ ಮಲಗಿ ಗಡದ್ದಾಗಿ ನಿದ್ದೆ ತೆಗೆದಿದ್ದಳು. ಇನ್ನು ಒಂದು ನಿಮಿಷ ಕಣ್ಣು ಮುಚ್ಚುವುದೂ ಆಗದ ಮಾತು. ಆದರೆ ಏಳುವ ಹಾಗಿರಲಿಲ್ಲ. ಹನ್ನೊಂದು ಗಂಟೆ ಕಾಲ ವಿಮಾನ ನಡೆಸಬೇಕಾದ ಮಗಳು ಎಂಟರವರೆಗೆ ಹಾಸಿಗೆ ಬಿಡಕೂಡದು ಎಂದು ಅವಳಮ್ಮ ಮರ್ಲಿನ್ ಕಟ್ಟಪ್ಪಣೆ ಮಾಡಿದ್ದಳು. ಮಾಡಿದ್ದಷ್ಟೇ ಅಲ್ಲ, ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಕಾವಲಿಗೂ ಕೂತಿದ್ದಳು.

ಮೂರು ವರ್ಷ ಚೆನ್ನೈ, ಮಾಲೆ, ಮದುರೈ ಎಂದು ಹತ್ತಿರದ ಊರುಗಳಿಗೆ ಸಣ್ಣ ವಿಮಾನ ಹಾರಿಸಿದ್ದವಳು ಇರೋಷಾ. ದೊಡ್ಡ ವಿಮಾನದ ತರಬೇತಿ ಮುಗಿದು ಇವತ್ತು ಮೊದಲ ಬಾರಿ ಕೊಲಂಬೊದಿಂದ ಲಂಡನ್ನಿಗೆ ಹೊರಟಿದ್ದಳು. ನಿನ್ನೆಯಿಂದಲೇ ಸುಮ್ಮಸುಮ್ಮನೆ ನಗು ಬರುತ್ತಿತ್ತು.

ಆರೂವರೆಗೆ ಪಾವ್ ಮಾರುವ ಆಟೋ ತನ್ನ ಎಂದಿನ ಟಿಣಿಟಿಣಿ ಹಾಡು ಹಾಕಿಕೊಂಡು ನೆಗೊಂಬೊದ ಅವರ ಗಲ್ಲಿಗೆ ತಿರುಗಿತು. ಮರ್ಲಿನ್ ಚಪ್ಪಲಿಯೂ ಮೆಟ್ಟದೆ ಓಡಿದಳು.

"ಏಯ್, ಹಾಡು ನಿಲ್ಸೋ ಮಾರಾಯ! ಮಗಳು ಮಲಗಿದಾಳೆ, ಇವತ್ತು ಲಂಡನ್ನಿಗೆ ಹೋಗ್ಬೇಕು!"

"ಅಯ್ಯೋ ಅಕ್ಕಾ, ಹಾಡಿಲ್ದೆ ಪಾವ್ ಹ್ಯಾಗೆ ಮಾರಲಿ?"

"ಪಿಸುಮಾತಲ್ಲಿ ಮಾರು!"

ಅವನು ಹಾಗೇ ಮಾರಿದ. ಇಡೀ ಗಲ್ಲಿ ಬೇಲಿಯ ಮೇಲಿಂದ ಪಿಸುಗುಟ್ಟುತ್ತ ಪಾವ್ ಕೊಂಡಿತು. "ಎರಡು ಪಾವ್." "ನಂಗೆ ಮೀನಿನ ಬನ್ನು." "ಹುಡುಗಿ ಎದ್ಳಾ?" "ಶ್!" ಎರಡು ಮನೆ ಆಚೆಯ ನಾಯಿ ಒಮ್ಮೆ ಬೊಗಳಿತು, ಅದರ ಯಜಮಾನ ಅದರ ಬಾಯಿಗೊಂದು ಬನ್ನು ತುರುಕಿದ. ಒಳಗೆ ಇರೋಷಾ ದಿಂಬು ಕಚ್ಚಿಕೊಂಡು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಎಂಟು ಹೊಡೆದಾಗ ಕಣ್ಣುಜ್ಜಿಕೊಳ್ಳುತ್ತ, ಈಗಷ್ಟೇ ಎದ್ದವಳಂತೆ ಆಚೆ ಬಂದಳು.

"ನೋಡಿದ್ರಾ, ಎಷ್ಟು ಚೆನ್ನಾಗಿ ನಿದ್ದೆ ಮಾಡಿದಾಳೆ, ಮುಖ ಕೆಂಪಾಗಿದೆ," ಎಂದು ಮರ್ಲಿನ್ ಗಂಡನಿಗೆ ಹೆಮ್ಮೆಯಿಂದ ಹೇಳಿದಳು.

ಅಪ್ಪ ಕ್ಲೆಮೆಂಟ್ ಇಪ್ಪತ್ತಾರು ವರ್ಷ ಕೊಲಂಬೊ–ಬದುಳ್ಳ ಬಸ್ಸು ಓಡಿಸಿದವನು. ಒಂಬತ್ತೂಮುಕ್ಕಾಲಿಗೆ ಅವಳನ್ನು ಕರೆದೊಯ್ಯಲು ಕಂಪನಿಯ ವ್ಯಾನು ಬಂದಾಗ ಅವನು ಮಗಳ ಮುಖ ನೋಡುವ ಮೊದಲು ವ್ಯಾನಿನ ನಾಲ್ಕೂ ಚಕ್ರಕ್ಕೆ ಒಂದೊಂದು ಒದೆ ಕೊಟ್ಟು ಗಾಳಿ ನೋಡಿದ.

"ದೂರದ ದಾರಿ ಮಗಳೇ. ಹೊರಡೋಕೆ ಮುಂಚೆ ಗಾಡಿ ಸುತ್ತ ಒಂದ್ಸಲ ಬಾ. ಕಾಲಿಂದ ನೋಡು, ಕೈಯಿಂದ ನೋಡು. ಬರೀ ಕಣ್ಣನ್ನ ನಂಬಬೇಡ."

"ವಿಮಾನಕ್ಕೆ ಒದಿಯೋ ಹಾಗಿಲ್ಲಪ್ಪಾ."

"ಯಾರೂ ನೋಡ್ದೇ ಇರೋವಾಗ ಒದಿ," ಎಂದ ಕ್ಲೆಮೆಂಟ್.

ಅಮ್ಮ ಅವಳ ಹಣೆಗೆ ಚರ್ಚಿನ ತೀರ್ಥ ಚಿಮುಕಿಸಿ ಕೈಗೊಂದು ಕಾಗದದ ಚೀಲ ಕೊಟ್ಟಳು. ಬಾಳೆಲೆಯಲ್ಲಿ ಕಟ್ಟಿದ ಮೂರು ಅನ್ನದ ಪೊಟ್ಟಣ. ಗೊರಕವೆಂಬ ಹುಳಿಹಣ್ಣು ಹಾಕಿ, ಕರಿಮೆಣಸು ಮೆತ್ತಿ ಬೇಯಿಸಿದ ಮೀನಿನ ವಾಸನೆ ಎಲೆಯನ್ನೂ ಕಾಗದವನ್ನೂ ದಾಟಿ ವ್ಯಾನಿನ ಡ್ರೈವರನ ಮೂಗಿಗೆ ಮುಟ್ಟಿತು. ಅವನು ದಾರಿಯುದ್ದಕ್ಕೂ ನಿಟ್ಟುಸಿರು ಬಿಟ್ಟ.

ಕಟುನಾಯಕದ ವಿಮಾನ ನಿಲ್ದಾಣದ ಬ್ರೀಫಿಂಗ್ ಕೋಣೆಯಲ್ಲಿ ಕ್ಯಾಪ್ಟನ್ ಅತ್ತನಾಯಕ ಆಗಲೇ ಕೂತಿದ್ದರು. ಹೊಸಬರಿಗೆ ಕಲಿಸುವ ಹಿರಿಯ ಅವರು. ಬೆನ್ನ ಹಿಂದೆ ಎಲ್ಲರೂ ಅವರನ್ನು 'ಬಂಡೆ' ಎನ್ನುತ್ತಿದ್ದರು. ಅವರು ನಕ್ಕದ್ದನ್ನು ಕಂಡವರು ಕಂಪನಿಯಲ್ಲಿ ಒಬ್ಬರೂ ಇರಲಿಲ್ಲ. ಪಕ್ಕದಲ್ಲಿ ಇಲ್ಹಾಮ್ ಮರಿಕ್ಕಾರ್, ಮೂರನೆಯ ಪೈಲಟ್. ಮೂವರೂ ಸರದಿಯಲ್ಲಿ ಮಲಗಿ ಏಳಬೇಕಾದ ಹಾರಾಟವದು.

ಮೇಜಿನ ತುಂಬ ದಾರಿಯ ನಕ್ಷೆ, ಗಾಳಿಯ ನಕ್ಷೆ, ಯಾವ ಊರಿನ ರನ್‌ವೇ ಮುಚ್ಚಿದೆ, ಎಲ್ಲಿ ಗುಡುಗಿದೆ ಎಂಬ ಸೂಚನೆಗಳ ಹಾಳೆ. ಇರೋಷಾಗೆ ಆ ಹಾಳೆಗಳನ್ನು ನೋಡಿಯೇ ನಗು ಉಕ್ಕಿತು. ಮುಂಬಯಿ, ಕರಾಚಿ, ಟೆಹ್ರಾನ್ ಸುತ್ತಮುತ್ತಲಿನ ಆಕಾಶವೆಲ್ಲ ಅವಳ ಮೊಣಕೈ ಕೆಳಗೆ! ಕೆನ್ನೆ ಒಳಗಿನಿಂದ ಕಚ್ಚಿಕೊಂಡಳು.

"ಹಲ್ಲುನೋವಾ?" ಕೇಳಿದರು ಕ್ಯಾಪ್ಟನ್.

"ಇಲ್ಲ ಸರ್."

"ಹಾಗಾದ್ರೆ ಹೇಳು. ಪ್ಲಾನಲ್ಲಿ ಎಪ್ಪತ್ತೆರಡು ಟನ್ ಇಂಧನ ಕೊಟ್ಟಿದಾರೆ. ಸಾಕಾ?"

ನಗು ಆ ಕ್ಷಣಕ್ಕೆ ಇಂಗಿತು. ಅವಳು ಲಂಡನ್ನಿನ ಹವಾಮಾನದ ಹಾಳೆ ಎಳೆದುಕೊಂಡಳು. "ಸಂಜೆ ಜೋರು ಗಾಳಿ ಅಂತಿದೆ ಸರ್. ಅಡ್ಡಗಾಳಿ. ಇಳಿಯೋರೆಲ್ಲ ಸಾಲಲ್ಲಿ ಸುತ್ತಬೇಕಾಗುತ್ತೆ. ಇನ್ನೂ ಒಂದೂವರೆ ಟನ್ ಬೇಕು."

"ಮೂರು ಟನ್ ಯಾಕಲ್ಲ?"

"ಹೊತ್ತ ಭಾರ ಹೊರೋಕೇ ಇಂಧನ ಸುಡುತ್ತೆ ಸರ್. ಮೂರು ಹಾಕಿದ್ರೆ ಅದ್ರಲ್ಲಿ ಸುಮಾರು ಒಂದು ಟನ್ ದಾರಿಗೇ ಹೋಗುತ್ತೆ. ಒಂದೂವರೆ ಹಾಕಿದ್ರೂ ಕಾಲು ಗಂಟೆ ಸುತ್ತೋಕೆ ಸಿಗುತ್ತೆ. ಅಷ್ಟರಲ್ಲಿ ಆಗ್ಲಿಲ್ಲ ಅಂದ್ರೆ ಬೇರೆ ಊರಿಗೆ ಹೋಗೋಕೆ ಬೇಕಾದ್ದು ಪ್ಲಾನಲ್ಲೇ ಇದೆ."

ಕ್ಯಾಪ್ಟನ್ ಮಾತಾಡದೆ ಸಹಿ ಹಾಕಿದರು. ಕಾರಿಡಾರಿನಲ್ಲಿ ಮರಿಕ್ಕಾರ್ ಅವಳ ಕಿವಿಯ ಹತ್ತಿರ ಬಗ್ಗಿದ. "ಏನೂ ಅನ್ನದೆ ಸಹಿ ಹಾಕಿದ್ರಲ್ಲ, ಅದು ಬಂಡೆ ಹಾಕೋ ಹೂವಿನ ಹಾರ. ನಂಗಿನ್ನೂ ಸಿಕ್ಕಿಲ್ಲ ನೋಡು."

ವಿಮಾನದ ಸುತ್ತ ಬಂದು ನೋಡುವ ಕೆಲಸ ಇರೋಷಾಗೆ ಬಿತ್ತು. ಮಿಂಚುವ ಹಳದಿ ಕೋಟು ತೊಟ್ಟು ಮೆಟ್ಟಿಲಿಳಿದಳು. ಬಿಸಿಲು ಕಾದಿತ್ತು. ಮೇಲೆ ರೆಕ್ಕೆ ಚಪ್ಪರದ ಹಾಗೆ ಹರಡಿತ್ತು. ಹತ್ತು ಚಕ್ರ, ಒಂದೊಂದೂ ಅವಳ ಎದೆಮಟ್ಟ. ಎಂಜಿನ್ನಿನ ಬಾಯಲ್ಲಿ ಅವಳು ನೆಟ್ಟಗೆ ನಿಲ್ಲಬಹುದಿತ್ತು. ಅದರ ಅಲಗುಗಳು ಕಡಲ ಗಾಳಿಗೆ ತಮ್ಮಷ್ಟಕ್ಕೆ ಟಕಟಕ ಎಂದು ತಿರುಗುತ್ತಿದ್ದವು. ಅವಳು ವಿಮಾನದ ಹೊಟ್ಟೆಯನ್ನು ತಟ್ಟಿದಳು, ಅಕ್ಕಪಕ್ಕ ನೋಡಿ ಒಂದು ಚಕ್ರಕ್ಕೆ ಮೆತ್ತಗೆ ಒದ್ದಳು, ಬಾಲದ ಕೆಳಗೆ ನಿಂತು ಕತ್ತೆತ್ತಿ ಎಲ್ಲ ಹಲ್ಲೂ ಕಾಣುವಂತೆ ನಕ್ಕಳು. ಸುತ್ತು ಮುಗಿಸಿ ಮೂತಿಯ ಹತ್ತಿರ ಬಂದು ನಿಂತಾಗ ಥಟ್ಟನೆ ಹೊಳೆಯಿತು: ತಾನು ನೋಡಿದ್ದು ಏನು? ಒಂದೂ ನೆನಪಿಲ್ಲ! ಮದುಮಗನನ್ನು ನೋಡಿದಂತೆ ನೋಡಿದ್ದಳೇ ಹೊರತು ಪೈಲಟ್ ನೋಡುವಂತೆ ನೋಡಿರಲಿಲ್ಲ.

ನಾಚಿಕೆಯಾಯಿತು. ಮತ್ತೆ ಮೊದಲಿನಿಂದ ಹೊರಟಳು. ಈ ಸಲ ತುಟಿ ಬಿಗಿದು, ಒಂದೊಂದೇ ಹೆಸರು ಹೇಳಿಕೊಳ್ಳುತ್ತ, ಬಗ್ಗಿ, ಕೂತು, ಕೈಯಾಡಿಸಿ. ಬಲ ಎಂಜಿನ್ನಿನ ಕೆಳಗೆ ನೆಲದ ಮೇಲೆ ಮೊಣಕಾಲೂರಿದಾಗ ಕಂಡಿತು. ಎಂಜಿನ್ನಿನ ಹೊದಿಕೆಯನ್ನು ಬಿಗಿಹಿಡಿಯುವ ಚಿಲಕಗಳಲ್ಲಿ ಒಂದು ಬೆರಳಗಲ ಜೋತುಬಿದ್ದಿತ್ತು. ಪಕ್ಕದ್ದೂ ಪೂರ್ತಿ ಕೂತಿರಲಿಲ್ಲ. ನಿಂತು ನೋಡಿದವರಿಗೆ ಕಾಣುವ ಜಾಗವಲ್ಲ ಅದು. ಏರುವಾಗ ಆ ಹೊದಿಕೆ ಕಿತ್ತು ಹಾರಿದರೆ ಏನೇನಾಗಬಹುದೆಂದು ತರಬೇತಿಯಲ್ಲಿ ಚಿತ್ರ ತೋರಿಸಿದ್ದರು.

ಮೇಲಿಂದ ಕಾಕ್‌ಪಿಟ್ಟಿನ ಕಿಟಕಿ ಸರಿಯಿತು. "ಎರಡೆರಡು ಸಲ ಯಾಕೆ ಸುತ್ತುತಾ ಇದೀಯ? ಏನಾಯ್ತು?" ಕ್ಯಾಪ್ಟನ್ ಕೂಗಿದರು.

"ಬಲಗಡೆ ಎಂಜಿನ್ ಚಿಲಕ ಕೂತಿಲ್ಲ ಸರ್!"

ಎಂಜಿನಿಯರ್ ಜಯತಿಸ್ಸ ಓಡಿ ಬಂದ, ನೋಡಿದ, ಬಾಯಿಗೆ ಕೈ ಅಡ್ಡ ಹಿಡಿದ. ಬೆಳಗ್ಗೆ ಅದನ್ನು ತೆಗೆದು ನೋಡಿದ್ದವನು ಅವನೇ. ಚಿಲಕಗಳನ್ನು ಒಂದೊಂದಾಗಿ ಹಾಕಿ, ಇನ್ನೊಬ್ಬನನ್ನು ಕರೆದು ಪರೀಕ್ಷೆ ಮಾಡಿಸಿ, ಪುಸ್ತಕದಲ್ಲಿ ಬರೆದು ಸಹಿ ಹಾಕಲು ಹದಿನೈದು ನಿಮಿಷ ಹಿಡಿಯಿತು. ಇರೋಷಾ ಮೇಲೆ ಹೋಗಿ ಉಳಿದದ್ದನ್ನೂ ಮುಚ್ಚಿಡದೆ ಹೇಳಿಬಿಟ್ಟಳು.

"ಮೊದಲ್ನೇ ಸುತ್ತಲ್ಲಿ ನಾನೂ ನೋಡಿರ್ಲಿಲ್ಲ ಸರ್. ಬರೀ ಖುಷಿಗೆ ಸುತ್ತಿದ್ದೆ."

"ಖುಷಿಗೆ ಒಂದು ಸುತ್ತು ಎಲ್ರೂ ಹಾಕ್ತಾರೆ," ಎಂದರು ಕ್ಯಾಪ್ಟನ್. "ಇನ್ಮುಂದೆ ಐದು ನಿಮಿಷ ಮುಂಚೆ ಇಳಿ. ಎರಡಕ್ಕೂ ಟೈಮ್ ಇರಲಿ."

ಪ್ರಯಾಣಿಕರು ಹತ್ತುತ್ತಿರುವಾಗ ನಿದ್ದೆಯ ಚೀಟಿ ಎತ್ತುವ ಶಾಸ್ತ್ರ ನಡೆಯಿತು. ಮೊದಲ ಸರದಿಗೆ ನಿದ್ದೆ ಬಾರದು, ಕೊನೆಯದರಲ್ಲಿ ಅರೆನಿದ್ದೆಗೇ ಇಳಿಯುವ ಹೊತ್ತಾಗುತ್ತದೆ. ಎಲ್ಲರಿಗೂ ಬೇಕಾದದ್ದು ನಡುವಿನದು. ಕ್ಯಾಪ್ಟನ್ನರ ಟೋಪಿಯೊಳಗೆ ಕೈ ಹಾಕಿದಾಗ ಅದು ಕ್ಯಾಪ್ಟನ್ನರಿಗೇ ಬಂತು. ಮೊದಲನೆಯದು ಮರಿಕ್ಕಾರ್‌ಗೆ, ಕೊನೆಯದು ಇರೋಷಾಗೆ.

ಅಷ್ಟರಲ್ಲಿ ಮೀನಿನ ವಾಸನೆ ತನ್ನ ಇರವನ್ನು ತಾನೇ ಸಾರಿತು. "ಏನದು?" ಎಂದರು ಕ್ಯಾಪ್ಟನ್.

"ಅಮ್ಮ ಕಳಿಸಿದಾರೆ ಸರ್. ಮೂವರಿಗೂ."

"ಒಂದೇ ಪಾತ್ರೆ ಮೀನು ಮೂರು ಪೈಲಟ್‌ಗಳ ಹೊಟ್ಟೆಗೆ ಹೋಗೋ ಹಾಗಿಲ್ಲ. ಕೆಟ್ಟಿದ್ರೆ ವಿಮಾನ ನಡೆಸೋರು ಯಾರು? ಒಬ್ಬರೇ ತಿನ್ನಬೇಕು, ಉಳಿದವ್ರು ಬೇರೆ ಬೇರೆ ಟ್ರೇ."

"ನಾನು ದಿನಾ ತಿಂತೀನಿ, ನಂಗೆ ಬೇಡ," ಎಂದಳು ಇರೋಷಾ.

ಇಬ್ಬರು ಗಂಡಸರು ಒಬ್ಬರನ್ನೊಬ್ಬರು ನೋಡಿಕೊಂಡರು. ಮರಿಕ್ಕಾರ್ ಗಂಟಲು ಸರಿಮಾಡಿಕೊಂಡ. "ಸರ್, ನಡುವಿನ ನಿದ್ದೆ ನಂಗೆ ಕೊಡಿ. ಮೀನು ನಿಮ್ಗೆ."

ಇಂಧನಕ್ಕೆ ಸಹಿ ಹಾಕಲು ಮೂರು ಸೆಕೆಂಡು ತೆಗೆದುಕೊಂಡಿದ್ದ ಕ್ಯಾಪ್ಟನ್ ಇದಕ್ಕೆ ಪೂರಾ ಒಂದು ನಿಮಿಷ ಯೋಚಿಸಿದರು. ಪೊಟ್ಟಣವನ್ನು ಮೂಗಿನ ಹತ್ತಿರ ತಂದರು. "ಆಯ್ತು," ಎಂದರು. ಉಳಿದೆರಡು ಪೊಟ್ಟಣ ಜಯತಿಸ್ಸನಿಗೆ ಹೋದವು. ಅವನು ನೆಲದ ಮೇಲಿರುವವನು, ಎಷ್ಟು ಬೇಕಾದರೂ ತಿನ್ನಬಹುದು.

ಬಾಗಿಲು ಮುಚ್ಚಿತು. ಪ್ರಯಾಣಿಕರನ್ನು ಸ್ವಾಗತಿಸಲು ಕ್ಯಾಪ್ಟನ್ ಮೈಕು ಅವಳ ಕೈಗೆ ಕೊಟ್ಟರು. ಸಿಂಹಳದಲ್ಲಿ ಸರಾಗ ಹೇಳಿದಳು, ಇಂಗ್ಲಿಷಿನಲ್ಲೂ ಹೇಳಿದಳು. ತಮಿಳಿಗೆ ಬಂದಾಗ ನಾಲಿಗೆ ಉತ್ಸಾಹದಲ್ಲಿ ಒಂದಕ್ಷರ ಎಡವಿತು. 'ಪರಪ್ಪೋಂ' ಎನ್ನಬೇಕಾದಲ್ಲಿ 'ಪಿರಪ್ಪೋಂ' ಎಂದಳು.

ಬಾಗಿಲಾಚೆಯಿಂದ, ಹಿಂದಿನ ಸಾಲುಗಳವರೆಗೂ, ನಗು ಅಲೆಯಂತೆ ಎದ್ದಿತು.

"ನಾನೇನಂದೆ?" ಇರೋಷಾ ಗಾಬರಿಯಾದಳು.

ತಮಿಳು ಮನೆಮಾತಿನ ಮರಿಕ್ಕಾರ್ ಸೀಟಿನಲ್ಲಿ ಮುದುಡಿ ಹೋಗಿದ್ದ. "ಹನ್ನೊಂದು ಗಂಟೆ ಹಾರೋಣ ಅನ್ಬೇಕಿತ್ತು ಕಣಮ್ಮಾ. ಹನ್ನೊಂದು ಗಂಟೆ ಹುಟ್ಟೋಣ ಅಂದೆ!"

ಮೊದಲು ಕ್ಯಾಪ್ಟನ್ನರ ಭುಜ ಅಲುಗಿತು. ಆಮೇಲೆ ಹೊಟ್ಟೆ. ಆಮೇಲೆ ಪ್ರೆಷರ್ ಕುಕ್ಕರಿನ ಸೀಟಿಯಂಥ ಒಂದು ಸದ್ದು. ಬಂಡೆ ಬಿರಿಯಿತು. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು, ಹಾಕಿಕೊಂಡರು, "ಹನ್ನೊಂದು ಗಂಟೆ... ಹೆರಿಗೆ ನೋವು!" ಎಂದು ಮತ್ತೆ ತೆಗೆದರು. ಮೂವರೂ ಒಬ್ಬರ ಮುಖ ಒಬ್ಬರು ನೋಡಲಾರದೆ ಮೂರು ದಿಕ್ಕಿಗೆ ತಿರುಗಿ ನಕ್ಕರು.

"ಸಾಕು," ಎಂದರು ಕ್ಯಾಪ್ಟನ್ ಕೊನೆಗೆ, ಮತ್ತೆ ಕಲ್ಲಾದ ದನಿಯಲ್ಲಿ. "ಪಟ್ಟಿ ಓದು."

ನಗು ಕತ್ತರಿಸಿದಂತೆ ನಿಂತಿತು. ಅವಳು ಹೊರಡುವ ಮುಂಚಿನ ತಪಾಸಣೆಯ ಪಟ್ಟಿ ಓದಿದಳು, ಅವರು ಒಂದೊಂದಕ್ಕೂ ಉತ್ತರಿಸಿದರು. ರನ್‌ವೇ ತುದಿಯಲ್ಲಿ ವಿಮಾನ ತಿರುಗಿ ನಿಂತಾಗ ಕ್ಯಾಪ್ಟನ್ ತಮ್ಮ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, "ನೀನೇ ತಗೋ," ಎಂದರು.

ಇನ್ನೂರಕ್ಕೂ ಹೆಚ್ಚು ಟನ್ ತೂಕ ಮೊದಲು ಸೋಮಾರಿ ಎತ್ತಿನಂತೆ ಮೈಮುರಿಯಿತು, ಆಮೇಲೆ ಓಡಿತು. ಇರೋಷಾ ಹಿಡಿಕೆಯನ್ನು ನಿಧಾನ ಹಿಂದಕ್ಕೆ ಎಳೆದಳು. ನೆಲ ಬಿಟ್ಟುಹೋಯಿತು. ಕೆಳಗೆ ಹಿನ್ನೀರು, ಅದರ ಮೇಲೆ ಕಂದು ಹಾಯಿಯ ದೋಣಿಗಳು, ಬಿಳಿ ನೊರೆಯ ಗೆರೆ, ಆಮೇಲೆ ಬರೀ ನೀಲಿ.

"ಹತ್ತು ಸಾವಿರ ಅಡಿ," ಎಂದರು ಕ್ಯಾಪ್ಟನ್. "ಈಗ ಹರಟೆಗೆ ಅಡ್ಡಿಯಿಲ್ಲ."

ಇರೋಷಾ ಗಡಿಯಾರ ನೋಡಿಕೊಂಡಳು. "ಸರ್," ಎಂದಳು, ರಜೆಯ ಮೊದಲ ಬೆಳಗ್ಗೆ ಉಳಿದ ದಿನಗಳನ್ನು ಎಣಿಸುವ ಮಗುವಿನಂತೆ, "ಇನ್ನೂ ಹತ್ತೂಮುಕ್ಕಾಲು ಗಂಟೆ ಇದೆ!"

"ಇದೆ," ಎಂದರು ಅವರು. "ಮುಂದೆ ನೋಡು."