ಏಳನೇ ಫ್ಯಾನಿನ ನೆರಳು

ಕಟ್ಟಾಯದ ಗುಡ್ಡದ ಮೇಲೆ ಬೀಸಬೇಕಾದರೆ ಗಾಳಿ ಮೊದಲು ಶಾಂತರಾಜುವಿನ ಅಪ್ಪಣೆ ಕೇಳಬೇಕಿತ್ತು. ಕೇಳದೆ ಬೀಸಿದ ಒಂದು ಗಾಳಿಯನ್ನು ಅವನು ಕಿವಿ ಹಿಂಡಿ ಅರಕಲಗೂಡಿನವರೆಗೂ ಅಟ್ಟಿದ್ದನಂತೆ. ಅದು ಇವತ್ತಿಗೂ ಅಲ್ಲೇ ತಲೆತಗ್ಗಿಸಿಕೊಂಡು ಬೀಸುತ್ತದಂತೆ.

ಹೀಗೆಂದು ಸಾರಿದವನೂ ಶಾಂತರಾಜುವೇ. ಗುಡ್ಡದ ಹನ್ನೆರಡು ಗಾಳಿಫ್ಯಾನುಗಳ ಕಂಟ್ರೋಲ್ ರೂಮಿನಲ್ಲಿ ಅವನು ಆಪರೇಟರ್.

"ರಾಗಿ ತೂರೋರು ಗಾಳಿ ನೋಡ್ಕಂಡು ಮೊರ ಆಡ್ಸಲ್ವಾ, ಅಂಗೇ ಕಣ್ಲಾ. ಒಂದೊಂದು ಗಾಳಿಗೂ ಒಂದೇ ಸರಿಯಾದ ಸ್ಪೀಡು. ಎಚ್ಚಾದ್ರೂ ನಷ್ಟ, ಕಮ್ಮಿಯಾದ್ರೂ ನಷ್ಟ," ಎನ್ನುತ್ತಿದ್ದ. ಆ ಸ್ಪೀಡನ್ನು ಕಂಪ್ಯೂಟರೇ ಹುಡುಕಿಕೊಳ್ಳುತ್ತದೆ ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ.

ಅವತ್ತು ಹಾಸನದಿಂದ ಇಂಜಿನಿಯರ್ ಬಿಂದುಶ್ರೀ ಬಂದಿದ್ದಳು. ಅಪ್ಪನಿಗೆ ಬುತ್ತಿ ತಂದಿದ್ದ ಶಾಂತರಾಜುವಿನ ಮಗಳು ವರ್ಷಾ ಬಾಗಿಲಲ್ಲಿ ನಿಂತಿದ್ದಳು. ತಾಯಿ ಪುಷ್ಪಾವತಿ ತೀರಿಕೊಂಡು ಮೂರು ತಿಂಗಳು. ಆಸ್ಪತ್ರೆಗೆ ಯಾಕೆ ಸೇರಿಸಲಿಲ್ಲ ಎಂಬುದು ಮಗಳ ಒಂದೇ ಪ್ರಶ್ನೆ. ಅವಳೇ ಬೇಡ ಅಂದಳು ಎಂಬುದು ಅಪ್ಪನ ಒಂದೇ ಉತ್ತರ.

"ಶಾಂತರಾಜಣ್ಣ, ಚಳಿಗಾಲದಲ್ಲಿ ದಿನಾ ಸಂಜೆ ನಾಲ್ಕರಿಂದ ಐದು, ಏಳನೇ ಫ್ಯಾನಿನ ಸ್ಪೀಡನ್ನ ಕೈಯಾರೆ ಇಳಿಸಿದ್ದೀರಿ. ಒಳ್ಳೇ ಗಾಳಿ ಇತ್ತು, ಆದ್ರೂ ಕರೆಂಟ್ ಬಂದಿಲ್ಲ," ಎಂದಳು ಬಿಂದುಶ್ರೀ.

"ಗಾಳಿಗೂ ಟೀ ಟೈಮು ಬ್ಯಾಡ್ವಾ ಮೇಡಂ?"

"ತಮಾಷೆ ಬೇಡ. ಕೆಲಸ ಹೋಗುತ್ತೆ."

ಶಾಂತರಾಜು ಹೇಳಿದ. ಲಕ್ವ ಹೊಡೆದ ಹೆಂಡತಿಗೆ ಉಳಿದಿದ್ದ ಮಾತೆಂದರೆ ಕಣ್ಣು. ಒಮ್ಮೆ ರೆಪ್ಪೆ ಮುಚ್ಚಿದರೆ ಹೂಂ, ಎರಡು ಸಲಕ್ಕೆ ಉಹೂಂ. ಸಂಜೆ ಹೊತ್ತು ಏಳನೇ ಫ್ಯಾನಿನ ಹಿಂದೆ ಸೂರ್ಯ ಇಳಿದರೆ, ರೆಕ್ಕೆಗಳ ನೆರಳು ಗುಡ್ಡದ ಬುಡದ ಮನೆಯ ಕಿಟಕಿಯಿಂದ ಅವಳ ಮುಖದ ಮೇಲೆ ಒಂದರ ಹಿಂದೊಂದು ಹಾಯುತ್ತಿತ್ತು. ನೆರಳು ಹಾದಾಗಲೆಲ್ಲ ರೆಪ್ಪೆ ಬಡಿಯುತ್ತಿತ್ತು; ಯಾವುದು ಅವಳ ಉತ್ತರ, ಯಾವುದು ನೆರಳಿಗೆ ಬಡಿದದ್ದು ಎಂದು ತಿಳಿಯುತ್ತಿರಲಿಲ್ಲ. ಕಿಟಕಿ ಮುಚ್ಚಿದರೆ ಅಳುತ್ತಿದ್ದಳು.

"ಅದ್ಕೇ ಇಳಿಸ್ತಿದ್ದೆ ಮೇಡಂ. ಕಡೇ ದಿನ ಸಂಜೆ ಉಸಿರು ಕೆಟ್ಟಾಗ್ಲೂ ಕೇಳ್ದೆ. ಎರಡು ಸಲ, ಪಟ್, ಪಟ್! ಆಸ್ಪತ್ರೆ ಬ್ಯಾಡ ಅಂತ ಮಾರಾಣಿ ಅಂಗೆ ಉಕುಂ ಮಾಡ್ಬುಟ್ಲು!"

ಬಿಂದುಶ್ರೀಯ ದನಿ ಮೆತ್ತಗಾಯಿತು. "ರಿಪೋರ್ಟಲ್ಲಿ ಕಾರಣ ಬರೀತೀನಿ. ಅದು ಯಾವ ದಿನ?"

"ಫೆಬ್ರವರಿ ಹನ್ನೊಂದು," ಎಂದಳು ವರ್ಷಾ.

ಬಿಂದುಶ್ರೀ ಲ್ಯಾಪ್‌ಟಾಪ್ ನೋಡಿದಳು. ಮತ್ತೊಮ್ಮೆ ನೋಡಿದಳು. "ಅವತ್ತೊಂದಿನ ಇಳಿಸೇ ಇಲ್ವಲ್ಲ. ಐದು ಗಂಟೆವರೆಗೂ ಜೋರಾಗೇ ತಿರುಗಿದೆ. ಆ ಚಳಿಗಾಲದಲ್ಲೇ ಅತಿ ಹೆಚ್ಚು ಯೂನಿಟ್."

ವರ್ಷಾ ಬುತ್ತಿಯನ್ನು ನೆಲಕ್ಕಿಟ್ಟಳು. "ಅಪ್ಪಾ, ಅವ್ವ ಏನಂದ್ಲು?"

ಶಾಂತರಾಜು ಬಾಯಿ ತೆರೆದ. ಈ ಸಲ ಬಂದದ್ದು ಕಥೆಯಲ್ಲ.

"ಅವತ್ತು ಕಂಪನಿ ದೊಡ್ಡ ಸಾಯೇಬ್ರು ಬಂದಿದ್ರು. ರೆಕಾರ್ಡ್ ಕರೆಂಟ್ ತೋರಿಸ್ತೀನಿ ಅಂತ ಕೊಚ್ಕಂಡಿದ್ದೆ, ಅದ್ಕೇ ಫ್ಯಾನ್ ಇಳಿಸ್ನಿಲ್ಲ. ಅವ್ರು ಕಾಯ್ತಾವ್ರೆ ಅಂತ ಮನೆಗೆ ಓಡೋಗಿ ಕೇಳ್ದೆ. ನೆರಳಿಗೆ ಕೈ ಅಡ್ಡ ಇಡಿಯೋ ಬುದ್ದೀನೂ ಬರ್ನಿಲ್ಲ. ರೆಪ್ಪೆ ಬಡೀತಾನೇ ಇತ್ತು ಮಗಾ. ಬ್ಯಾಡ ಅಂದ್ಲು ಅಂತ ನಾನೇ ಅಂದ್ಕಂಡು ವಾಪಸ್ ಬಂದ್ಬುಟ್ಟೆ. ಅವ್ಳು ಏನಂದ್ಲೋ, ನಂಗೊತ್ತಿಲ್ಲ ಕಣವ್ವ."