ಐದು ಅಂಟಿನುಂಡಿ

ಪಡಸಾಲೆಯಲ್ಲಿ ಡಬ್ಬಿಯ ಮುಚ್ಚಳ ಟಪ್ಪೆಂದಿತು. ಒಳಕೋಣೆಯಲ್ಲಿ ಕೂಸಿಗೆ ಹಾಲೂಡಿಸುತ್ತಿದ್ದ ಯಶೋಧರಾ ಆ ಸದ್ದಿಗೆ ಕಿವಿಗೊಟ್ಟಳು.

"ಇನ್ನೊಂದ ತಗೋರಿ ಅಳಿಯಾರ. ಜಾಲಿ ಅಂಟಿಂದು, ಮನ್ಯಾಗ ಮಾಡಿದ್ದು. ನಡಕ್ಕ ಬಲ ಬರತೈತಿ," ಎನ್ನುತ್ತಿದ್ದಳು ಅವ್ವ ಪರಸವ್ವ.

"ಬಾಣಂತಿ ಯಾರ್ರಿ, ನಾನೋ ನಿಮ್ಮ ಮಗಳೋ?" ಧರ್ಮರಾಜ ಬಾಯಿ ತುಂಬ ಉಂಡಿ ಇಟ್ಟುಕೊಂಡೇ ನಕ್ಕ. ನಕ್ಕರೂ ತಗೊಂಡ.

ಎರಡಾಯಿತು. ಬೆಳಗ್ಗೆ ಡಬ್ಬಿಯಲ್ಲಿ ಐದಿದ್ದವು.

ಜಾಲಿ ಅಂಟನ್ನು ತುಪ್ಪದಲ್ಲಿ ಅರಳಿಸಿ ಬಾಣಂತಿಗೆಂದು ಕಟ್ಟಿದ ಅಂಟಿನುಂಡಿ ಮುಗಿಯುವ ತನಕ ಮಗಳು ತವರು ಬಿಡಬಾರದು ಎಂಬುದು ಮಮದಾಪುರದ ಈ ಮನೆಯ ರೂಢಿ. ಹೋದ ತಿಂಗಳು ಹೆಂಡತಿಯನ್ನು ಕರೆಯಲು ಬಂದ ಧರ್ಮರಾಜನೂ ಅದಕ್ಕೆ ಒಪ್ಪಿ ಬರಿಗೈಲಿ ಹೋಗಿದ್ದ. ಅಂದಿನಿಂದ ಯಶೋಧರಾ ದಿನಕ್ಕೆರಡು ತಿನ್ನುವಲ್ಲಿ ಒಂದು ತಿಂದಳು, ಒಮ್ಮೊಮ್ಮೆ ಅರ್ಧ. ಬಿ.ಎ. ಕೊನೆಯ ಪರೀಕ್ಷೆ ನಡೆದಿತ್ತಲ್ಲ. ಕೂಸನ್ನು ಅವ್ವನ ಮಡಿಲಿಗೆ ಹಾಕಿ, ಬಬಲೇಶ್ವರಕ್ಕೊಂದು ಬಸ್ಸು, ಅಲ್ಲಿಂದ ವಿಜಯಪುರಕ್ಕೆ ಇನ್ನೊಂದು. ಹಾಲು ಇಳಿದು ಕುಪ್ಪಸ ತೊಯ್ದರೂ ಮೇಲೆ ಸೆರಗು ಹೊದ್ದು ಐದು ಪೇಪರು ಬರೆದಿದ್ದಳು. ಹಾಲ್ ಟಿಕೆಟ್ಟಿನ ಫೋಟೊ ಕಿತ್ತುಬಂದಾಗ ಜಾಲಿ ಅಂಟು ನೆನೆಸಿ ಮತ್ತೆ ಅಂಟಿಸಿಕೊಟ್ಟವಳು ಅವ್ವನೇ. ಆರನೆಯ ಪೇಪರು ಗುರುವಾರ. ಇವತ್ತು ರವಿವಾರ. ದಿನಕ್ಕೊಂದು ಉಂಡಿ, ಗುರುವಾರಕ್ಕೆ ಸರಿಯಾಗುತ್ತಿತ್ತು.

ವಿಜಯಪುರದಲ್ಲೇ ಇರುವ ಜೋರಾಪುರ ಪೇಟೆಯ ಗಂಡನ ಮನೆಯಿಂದ ಕಾಲೇಜಿಗೆ ನಡೆದೇ ಹೋಗಬಹುದು. ಆದರೆ ಹೊಸ್ತಿಲು ದಾಟಲು ಬಿಡಬೇಕಲ್ಲ? "ಓದಿದ್ದು ಸಾಕು, ಇನ್ನ ಕೂಸಿನ ನೋಡಕೋ" ಎಂದು ಅತ್ತೆ ಫೋನಿನಲ್ಲೇ ಮುಗಿಸಿದ್ದಳು.

"ಯವ್ವಾ! ಒಂದೀಟ ಒಳಗ ಬಾ!"

"ಬಂದೆ ತಡಿ ಬೇ, ಅಳಿಯಾರು ತಿನ್ನಾಕತ್ತಾರ."

ಅವ್ವನ ದನಿಯಲ್ಲಿ ಹಬ್ಬ. ಮದುವೆಯಾದಾಗಿನಿಂದ ಈ ಮನೆಯಲ್ಲಿ ಬರೀ ಚಹಾ ಕುಡಿದು ಏಳುತ್ತಿದ್ದ ಅಳಿಯ ಇವತ್ತು ಕೇಳಿ ಕೇಳಿ ತಿನ್ನುತ್ತಿದ್ದ. ಯಶೋಧರಾ ಏಳಲು ನೋಡಿದಳು. ಕೂಸು ಇನ್ನಷ್ಟು ಬಿಗಿಯಾಗಿ ಕಚ್ಚಿತು. ಮೂರು. ನಾಲ್ಕು. ಐದು. ಆಮೇಲೆ ಬರಿ ತಳಕ್ಕೆ ಬೆರಳು ತಾಗಿದ ಸದ್ದು.

"ಅತ್ತಿ, ಡಬ್ಬಿ ಮುಗೀತಲ್ಲ! ಗೆಳ್ಯಾನ ಕಾರ್ ತಂದೀನಿ, ಬಿಸಲ ಇಳದ ಮ್ಯಾಲ ಹೊಂಡೂಣು. ಏ ಯಶಾ, ಬಟ್ಟಿ ಕಟ್ಟಕೋ."

ಹೆಗಲಿಗೆ ಕೂಸು ಹಾಕಿಕೊಂಡು ಅವಳು ಹೊರಗೆ ಬಂದಳು. "ಗುರುವಾರ ಒಂದ ಪೇಪರ್ ಉಳದೈತ್ರಿ."

"ಐದ ಬರದಿಯಲ್ಲ, ಸಾಕಬಿಡು."

"ಐದಕ್ಕ ಏನ ಕೊಡ್ತಾರ? ಶಾಬ್ಬಾಸ್ ಅಂತ ಬೆನ್ನ ಚಪ್ಪರಸ್ತಾರ?"

"ಮುಂದಿನ ವರ್ಷ ಬರೀವಂತಿ." ಹಲ್ಲಿಗೆ ಹತ್ತಿದ್ದನ್ನು ಅವನು ನಾಲಿಗೆಯಿಂದ ಬಿಡಿಸುತ್ತಿದ್ದ. "ಮಾತಂದ್ರ ಮಾತ. ಡಬ್ಬಿ ಮುಗೀಲಿ ಅಂದವರು ನೀವ."

ಪರಸವ್ವ ಡಬ್ಬಿಯೊಳಗೆ ನೋಡಿದಳು, ಮಗಳ ಮುಖ ನೋಡಿದಳು. ತಾನೇನು ಮಾಡಿದೆ ಎಂಬುದು ಅವಳಿಗೆ ಆಗ ಹೊಳೆಯಿತು. ಕುಡಗೋಲು ಹಿಡಿದು ಹಿತ್ತಲಿಗೆ ನಡೆದಳು.

ಯಶೋಧರಾ ಒಂದೊಂದೇ ಸೀರೆ ಮಡಿಚಿದಳು. ಪುಸ್ತಕಗಳನ್ನು ಚೀಲಕ್ಕೆ ಹಾಕಿ, ತೆಗೆದು, ಮತ್ತೆ ಹಾಕಿದಳು. ಹೊರಗೆ ಧರ್ಮರಾಜ ಕಾರಿನ ಡಿಕ್ಕಿ ತೆರೆದ.

ಅವ್ವ ಬಂದಾಗ ಮೊಣಕೈವರೆಗೆ ಮುಳ್ಳು ಗೀರಿದ ಗುರುತು. ಅಂಗೈಯಲ್ಲಿ ಜಾಲಿಯ ತೊಗಟೆಯಿಂದ ಎಬ್ಬಿಸಿದ ನಾಲ್ಕಾರು ಅಂಟಿನ ಹರಳು, ಒಂದರಲ್ಲಿ ಇರುವೆ ಸಿಕ್ಕಿಕೊಂಡು ಒಣಗಿತ್ತು. ಒಲೆ ಹಚ್ಚಿ ತುಪ್ಪ ಇಟ್ಟಳು.

"ಇದೇನ್ರಿ ಅತ್ತಿ?"

"ಡಬ್ಬಿಗೆ ಉಂಡಿ ಕಟ್ಟತೀನ್ರಿ. ಬಾಣಂತಿ ಇವತ್ತಿಂದು ಇನ್ನೂ ತಿಂದಿಲ್ಲ."

"ಎಷ್ಟೊತ್ತ ಆಕೈತಿ?"

"ಅಂಟ್ರಿ ಇದು. ಅವಸರ ಮಾಡಿದ್ರ ಒಳಗ ಹಸೀನ ಉಳೀತೈತಿ."

ಧರ್ಮರಾಜ ಕಾರಿನ ಕೀಲಿ ತಿರುವುತ್ತ ಅಡುಗೆಮನೆಯ ಬಾಗಿಲಲ್ಲೇ ನಿಂತ. ಪರಸವ್ವ ಇರುವೆಯ ಹರಳನ್ನು ಬೇರೆ ಇಟ್ಟು, ಉಳಿದವುಗಳಲ್ಲಿ ತೀರಾ ಸಣ್ಣದನ್ನು ಆರಿಸಿ ತುಪ್ಪಕ್ಕೆ ಬಿಟ್ಟಳು. ಅದು ಸದ್ದಿಲ್ಲದೆ ತಿರುಗಿತು, ಅಂಚಿನಲ್ಲಿ ಬೆಳ್ಳಗಾಯಿತು, ಮೆಲ್ಲಗೆ ಅರಳತೊಡಗಿತು. ಅದು ಪೂರ್ತಿ ಅರಳುವವರೆಗೆ ಅವಳು ಇನ್ನೊಂದನ್ನು ಮುಟ್ಟಲಿಲ್ಲ.