ಮೂಲೆಯಲ್ಲಿ ನಿಲ್ಲುತ್ತಿದ್ದ ಸಾಲು

ಲಕ್ವ ಹೊಡೆದು ಅಮ್ಮನ ಬಲಗೈ ಬಿದ್ದುಹೋದ ಮೇಲೆ ಹೊಲಿಗೆ ಯಂತ್ರ ಕಿಟಕಿಯ ಪಕ್ಕ ಮುಸುಕು ಹೊದ್ದು ಕೂತಿತ್ತು. ಒಂದು ಮಧ್ಯಾಹ್ನ ಮಗಳು ತನ್ನ ತಲೆ ಬಾಚಿಕೊಡುತ್ತಿದ್ದಾಗ ಅಮ್ಮ ಕೇಳಿದಳು:

"ಆ ದೇವರ ಪದ್ಯ ಹೇಳೇ. ನಿಮ್ಮಜ್ಜಿ ಧಾಟೀಲಿ. ನಾನು ಹೊಲೀತಾ ಹೇಳ್ತಿದ್ನಲ್ಲ, ಹಾಗೆ."

"ಅದೇನು ಮಹಾ!" ಎಂದು ಮಗಳು ಗಂಟಲು ಸರಿಮಾಡಿಕೊಂಡಳು. ಪದ್ಯ ಹೇಳಿಕೊಡುವುದೇ ಅವಳ ಕಸುಬು. ಆದರೆ ಬಾಯಿ ತೆರೆದರೆ ಬಂದದ್ದು ಗುರುಗಳಿಂದ ಕಲಿತ ಧಾಟಿ, ಎಲ್ಲೂ ಎಡವದ ಅಚ್ಚುಕಟ್ಟಿನ ಧಾಟಿ.

"ಇದಲ್ಲ ಕಣೇ, ಇದು ನಿನ್ನ ಕ್ಲಾಸಿಂದು."

ಮತ್ತೆ ಹೇಳಿದಳು. ಮತ್ತೆ ಅದೇ. ಅಜ್ಜಿಯ ಧಾಟಿ ಹೊಲಿಗೆಯ ಜೊತೆಗೇ ಬೆಳೆದದ್ದು. ಬಟ್ಟೆಯ ಮೂಲೆ ಬಂದಾಗ ಯಂತ್ರ ತುಳಿಯುವ ಕಾಲು ನಿಲ್ಲುತ್ತಿತ್ತು, ಪದ್ಯದ ಸಾಲೂ ನಡುವೆಯೇ ನಿಲ್ಲುತ್ತಿತ್ತು. ಬಟ್ಟೆ ತಿರುಗಿದ ಮೇಲೆ ಮುಂದಿನ ಮಾತು. ಇಷ್ಟೆಲ್ಲ ನೆನಪಿತ್ತು, ದನಿಯ ಏರಿಳಿತ ಮಾತ್ರ ಇರಲಿಲ್ಲ. ಹುಡುಕಹೋದಲ್ಲೆಲ್ಲ ಗುರುಗಳ ಧಾಟಿ ಬಾಗಿಲಿಗೆ ಅಡ್ಡ ಕೂತಿತ್ತು.

ಅವಳು ಮುಸುಕು ಸರಿಸಿ ಯಂತ್ರದ ಮುಂದೆ ಕೂತು ತುಳಿದಳು. ಚಕ್ರದ ಸದ್ದಿನ ಮೇಲೂ ಗುರುಗಳ ಧಾಟಿಯೇ ಸವಾರಿ ಮಾಡಿತು.

"ನೀನೇ ಶುರು ಮಾಡಮ್ಮ. ಹಿಂದೇನೇ ಬರ್ತೀನಿ."

ಅಮ್ಮ ಕಣ್ಣು ಮುಚ್ಚಿ ಶುರುಮಾಡಿದಳು. ಮಗಳ ಕಾಲು ನಿಂತಿತು. ಆ ನಡುಗುವ ದನಿಯಲ್ಲಿ ಬಂದದ್ದೂ ಗುರುಗಳ ಧಾಟಿಯೇ.

"ನೋಡಿದ್ಯಾ? ನನಗೆ ಬಂದಿದ್ರೆ ನಿನ್ನ ಯಾಕೆ ಕೇಳ್ತಿದ್ದೆ? ಅದನ್ನ ಕರೆದ್ರೆ ನೀನು ಕಲಿಸಿದ್ದೇ ಓಡಿ ಬರುತ್ತೆ. ಒಳ್ಳೇ ಟೀಚರಮ್ಮ ಕಣೇ ನೀನು!" ಅಮ್ಮ ನಕ್ಕಳು.

ಮಗಳ ಮುಖ ಸುಟ್ಟಂತಾಯಿತು. ಒಮ್ಮೆ ಅಮ್ಮ ಕ್ಲಾಸಿನ ಹಿಂದಿನ ಸಾಲಿನಲ್ಲಿ ಕೂತು ಮಕ್ಕಳ ಜೊತೆ ದನಿಗೂಡಿಸಿದ್ದಳು. ಎಲ್ಲರೂ ಮುಂದಿನ ಮಾತಿಗೆ ಹೋದಾಗ ಅವಳೊಬ್ಬಳು ಅಜ್ಜಿಯ ಧಾಟಿಯಂತೆ ಪದ್ಯದ ನಡುವೆ ನಿಂತಿದ್ದಳು. ಮಕ್ಕಳು ಕಿಸಕ್ಕೆಂದವು. "ಅಲ್ಲಿ ನಿಲ್ಲಬಾರದಮ್ಮ, ಅಸಹ್ಯವಾಗಿ ಕೇಳುತ್ತೆ," ಎಂದಿದ್ದಳು ಮಗಳು, ಎಲ್ಲರೆದುರು. ಅಮ್ಮ ಅಂದಿನಿಂದ ಪಾತ್ರೆ ತೊಳೆಯುತ್ತಲೂ ಅಭ್ಯಾಸ ಮಾಡಿ, ನಿಲ್ಲದೆ ಹೇಳುವುದನ್ನು ಕಲಿತಿದ್ದಳು. ಮಗಳು ಬೀಗಿದ್ದಳು.

"ಹೋಗ್ಲಿ ಬಿಡು. ಎಲ್ಲಿ ನಿಲ್ತಿತ್ತು ಅಂತಾದ್ರೂ ಗೊತ್ತಾ?"

"ಅದು ಗೊತ್ತಮ್ಮ."

ಮಗಳು ಸೂಜಿಯ ಕೆಳಗೆ ಒಂದು ತುಂಡು ಬಟ್ಟೆ ಇಟ್ಟಳು. ತುಳಿಯುತ್ತ, ಸುಮ್ಮನೆ ಮಾತಾಡುವ ದನಿಯಲ್ಲಿ ಸಾಲು ಹೇಳುತ್ತ ಮೂಲೆಯವರೆಗೆ ಬಂದು ನಿಲ್ಲಿಸಿದಳು. ಹಿಂದೆ ಅಮ್ಮ ಉಸಿರು ಹಿಡಿದು ಕಾಯುತ್ತಿದ್ದಳು.

ಮುಂದಿನ ಮಾತು ಗುರುಗಳ ಧಾಟಿಯಲ್ಲೇ ನಾಲಿಗೆಗೆ ಬಂದು ನಿಂತಿತ್ತು. ಮಗಳು ಹಿಂತಿರುಗಿ ನೋಡಲಾರದೆ, ತುಟಿ ಕಚ್ಚಿ ಅದನ್ನು ತಡೆದುಕೊಂಡೇ ಕೂತಳು.